ಹೊಗೆ ಹೋದ ಮೇಲೆ ಮನೆಯಲ್ಲಿ ಉಳಿಯುವುದು

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೆಲ, ಜಲ, ಭಾಷೆ: ಹೊರನಾಡಿನ ಕನ್ನಡಿಗರು ಒಂದೆಡೆ ಕೂಡಿದಾಗ ಈ ಮೂರರ ಮಾತು ಬಾರದೆ ಇರುವುದಿಲ್ಲ. ನಾನೂ ಇಂದು ನೆಲದ ಬಗೆಗೇ ಮಾತನಾಡಬೇಕೆಂದು ಬಂದಿದ್ದೇನೆ. ಆದರೆ ಅದು ಗಡಿರೇಖೆಯ ಒಳಗಿನ ನೆಲವಲ್ಲ, ನಮ್ಮ ನಮ್ಮ ಮನೆಯ ನೆಲ. ಎಂಟು ತಿಂಗಳ ಕೂಸು ಅಂಬೆಗಾಲಿಟ್ಟು ಹರಿದಾಡುವ, ಬಿದ್ದ ಆಟಿಕೆಯನ್ನು ಎತ್ತಿ ಬಾಯಿಗಿಡುವ ನೆಲ. ಆ ನೆಲದ ಮೇಲೆ ಕಣ್ಣಿಗೆ ಕಾಣದಂತೆ ಕುಳಿತಿರುವ ತಂಬಾಕಿನ ಶೇಷವೇ ಈ ಹೊತ್ತಿನ ವಿಷಯ.

ತಂಬಾಕಿಗೆ ಕನ್ನಡದಲ್ಲಿ ಹೊಗೆಸೊಪ್ಪು ಎಂಬ ಚೆಂದದ ಹೆಸರಿದೆ. ಈ ಸೊಪ್ಪಿಗೂ ಕನ್ನಡ ನೆಲಕ್ಕೂ ಹಳೆಯ ನಂಟು. ಪೋರ್ತುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದ ಇದು ಹದಿನೇಳನೆಯ ಶತಮಾನದ ಆರಂಭದ ವೇಳೆಗೆ ಬಿಜಾಪುರದಲ್ಲಿ ಬಳಕೆಗೆ ಬಂದಿತ್ತು. ಅಕ್ಬರನ ರಾಯಭಾರಿಯಾಗಿ ಆದಿಲಶಾಹಿ ದರಬಾರಿಗೆ ಬಂದಿದ್ದ ಅಸದ್ ಬೇಗ್ ಅಲ್ಲಿ ಅದನ್ನು ಕಂಡು ಬೆರಗಾಗಿ ಬಾದಶಹನಿಗೆ ಕಾಣಿಕೆಯಾಗಿ ಒಯ್ದನೆಂದು ಅವನೇ ಬರೆದಿಟ್ಟಿದ್ದಾನೆ. ಅಂದಿನಿಂದ ಇಂದಿನವರೆಗೆ ನಾಲ್ಕು ನೂರು ವರ್ಷ ನಾವು ಈ ಸೊಪ್ಪಿನ ಹೊಗೆಯನ್ನೇ ನೋಡುತ್ತ ಬಂದಿದ್ದೇವೆ. ಹೊಗೆ ಕಂಡರೆ ಕೆಮ್ಮುತ್ತೇವೆ, ಕಿಟಕಿ ತೆರೆಯುತ್ತೇವೆ. ಹೊಗೆ ಕರಗಿತೆಂದರೆ ಅಪಾಯವೂ ಕರಗಿತೆಂದು ಸಮಾಧಾನಪಡುತ್ತೇವೆ. ಈ ಸಮಾಧಾನ ತಪ್ಪೆಂದು ತಿಳಿಸುವುದೇ ನನ್ನ ಮಾತಿನ ಉದ್ದೇಶ.

ಇಲ್ಲಿರುವ ಹಿರಿಯರಲ್ಲಿ ಅನೇಕರು ಸೌದೆ ಒಲೆಯ ಅಡಿಗೆಮನೆಯಲ್ಲಿ ಬೆಳೆದವರು. ಅಲ್ಲಿನ ಜಂತೆಗಳನ್ನೂ ಗೋಡೆಗಳನ್ನೂ ನೆನಪಿಸಿಕೊಳ್ಳಿ. ಹೊಗೆ ಗವಾಕ್ಷಿಯಿಂದ ಹೊರಗೆ ಹೋಗುತ್ತಿತ್ತು, ನಿಜ. ಆದರೂ ಗೋಡೆ ಕಪ್ಪಾಗಿ ಜಿಡ್ಡುಗಟ್ಟಿರುತ್ತಿತ್ತು. ಹೊಗೆಯೆಂದರೆ ಬರಿಯ ಗಾಳಿಯಲ್ಲ. ಅತಿ ಸಣ್ಣ ಕಣಗಳು ಮತ್ತು ಆವಿಗಳ ಮಿಶ್ರಣ. ತಣ್ಣನೆಯ ಮೈ ಸಿಕ್ಕಲ್ಲಿ ಅದು ಕೂರುತ್ತದೆ. ತಂಬಾಕಿನ ಹೊಗೆಯೂ ಹೀಗೆಯೇ. ಅದರಲ್ಲಿರುವ ನಿಕೋಟಿನ್ ಗೋಡೆ, ಪರದೆ, ಹಾಸಿಗೆ, ಸೋಫಾ, ಬಟ್ಟೆ, ಕೂದಲು, ಚರ್ಮ, ನೆಲದ ಧೂಳು ಎಲ್ಲಕ್ಕೂ ಅಂಟಿಕೊಳ್ಳುವ ಸ್ವಭಾವದ್ದು. ಸೇದುವವರು ಬಾಯಿಂದ ಬಿಟ್ಟ ಹೊಗೆ ಒಂದು ಪಾಲಾದರೆ, ಬೆರಳ ನಡುವೆ ಸುಮ್ಮನೆ ಉರಿಯುತ್ತಿರುವ ತುದಿಯಿಂದ ಏಳುವ ಹೊಗೆ ಅದಕ್ಕಿಂತ ದೊಡ್ಡ ಪಾಲು. ಎರಡೂ ಕೋಣೆಯಲ್ಲಿಯೇ ಇಳಿಯುತ್ತವೆ. ಆಮೇಲೆ ದಿನಗಳು, ತಿಂಗಳುಗಳ ಕಾಲ ಅದೇ ಜಿಡ್ಡು ಸ್ವಲ್ಪ ಸ್ವಲ್ಪವಾಗಿ ಮತ್ತೆ ಗಾಳಿಗೆ ಬಿಡುಗಡೆಯಾಗುತ್ತಿರುತ್ತದೆ. ಪುಣೆಯ ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿದ ಮನೆಯಲ್ಲಿ, ಯಾರೂ ಸೇದದಿದ್ದರೂ, ಹಳೆಯ ಸಿಗರೇಟಿನ ವಾಸನೆ ಏಳುವುದನ್ನು ನೀವು ಗಮನಿಸಿರಬಹುದು. ಅದು ಗೋಡೆ ಹೊರಗೆ ಬಿಡುತ್ತಿರುವ ಶೇಷ.

ಸೇದುವವನು ಒಳಗೆಳೆದುಕೊಳ್ಳುವ ಹೊಗೆ ಮೊದಲನೆಯದು. ಪಕ್ಕದಲ್ಲಿ ಕುಳಿತವರು ಉಸಿರಾಡುವ ಹೊಗೆ ಎರಡನೆಯದು. ಅದರ ಕೇಡನ್ನು 1981ರಲ್ಲಿ ಜಪಾನಿನ ತಾಕೇಶಿ ಹಿರಾಯಾಮಾ, ಸೇದುವ ಗಂಡಂದಿರ ಸೇದದ ಹೆಂಡತಿಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿರುವುದನ್ನು ತೋರಿಸಿ, ಲೋಕಕ್ಕೆ ಸಾರಿದರು. ಹೊಗೆ ಹೋದ ಮೇಲೆ ಉಳಿಯುವ ಈ ಮೂರನೆಯದಕ್ಕೆ ‘ಥರ್ಡ್ ಹ್ಯಾಂಡ್ ಸ್ಮೋಕ್’ ಎಂಬ ಹೆಸರು ಎಲ್ಲರ ಕಿವಿಗೆ ಬಿದ್ದದ್ದು 2009ರಲ್ಲಿ, ಅಮೆರಿಕದ ಮಕ್ಕಳ ವೈದ್ಯ ಜೊನಾಥನ್ ವಿನಿಕಾಫ್ ಮತ್ತು ಸಂಗಡಿಗರು ಬರೆದ ಲೇಖನದಿಂದ. ನಾನು ಇದನ್ನು ಹೊಗೆಯ ಜಿಡ್ಡು ಎಂದು ಕರೆಯುತ್ತೇನೆ. ನಮ್ಮ ತಾಯಂದಿರಿಗೆ ಈ ಮಾತು ವಿವರಣೆಯಿಲ್ಲದೆ ತಿಳಿಯುತ್ತದೆ.

ಹೆಸರು ಹೊಸದಾದರೂ ವಿಷಯ ಅದಕ್ಕಿಂತ ಹಿಂದಿನದು. 2004ರಲ್ಲಿ ಸ್ಯಾನ್ ಡಿಯಾಗೋ ನಗರದ ಜಾರ್ಜ್ ಮ್ಯಾಟ್ ಮತ್ತು ಸಂಗಡಿಗರು ಹಸುಳೆಗಳಿರುವ ಮನೆಗಳನ್ನು ಮೂರು ಬಗೆಯಾಗಿ ವಿಂಗಡಿಸಿ ಪರೀಕ್ಷಿಸಿದರು: ಯಾರೂ ಸೇದದ ಮನೆ, ಮಗುವಿನ ಹಿತಕ್ಕಾಗಿ ಹೊರಗೆ ಹೋಗಿ ಸೇದುವವರ ಮನೆ, ಒಳಗೇ ಸೇದುವವರ ಮನೆ. ಧೂಳನ್ನು, ಪೀಠೋಪಕರಣಗಳ ಮೈಯನ್ನು, ಮಗುವಿನ ಮೂತ್ರವನ್ನು ಪರೀಕ್ಷೆಗೆ ತೆಗೆದುಕೊಂಡರು. ನಿಕೋಟಿನ್ ದೇಹದೊಳಗೆ ಹೋದರೆ ಕೋಟಿನಿನ್ ಎಂಬ ವಸ್ತುವಾಗಿ ಮಾರ್ಪಟ್ಟು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಹೊರಗೆ ಹೋಗಿ ಸೇದುವವರ ಮನೆಯಲ್ಲಿ ಕೂಡ ತಂಬಾಕಿನ ಮಾಲಿನ್ಯ, ಸೇದದವರ ಮನೆಗಿಂತ 5ರಿಂದ 7 ಪಟ್ಟು ಹೆಚ್ಚಾಗಿತ್ತು. ಒಳಗೇ ಸೇದುವ ಮನೆಯ ಮಗುವಿಗೆ ತಗಲುವ ಪ್ರಮಾಣ ಇದರ 3ರಿಂದ 8 ಪಟ್ಟು. ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಹೊರಗೆ ಹೋಗಿ ಸೇದುವುದರಿಂದ ಲಾಭವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಲಾಭ ಪೂರ್ಣವಲ್ಲ. ಬಾಲ್ಕನಿಯಲ್ಲಿ ಸೇದಿ ಒಳಗೆ ಬಂದ ತಂದೆ ಅಂಗಿಯಲ್ಲಿ, ಮೀಸೆಯಲ್ಲಿ, ಬೆರಳಲ್ಲಿ ಅದನ್ನು ಹೊತ್ತುಕೊಂಡೇ ಬರುತ್ತಾನೆ.

ಮನುಷ್ಯನ ಮೈಮೇಲೆ ಹೊಗೆ ಹೀಗೆ ಪ್ರಯಾಣ ಮಾಡುತ್ತದೆಂಬುದನ್ನು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮನದಟ್ಟು ಮಾಡಿಕೊಟ್ಟಿತು. ಜರ್ಮನಿಯ ಮೈಂಟ್ಸ್ ನಗರದಲ್ಲಿ ಧೂಮಪಾನ ನಿಷಿದ್ಧವಾದ ಚಿತ್ರಮಂದಿರದ ಗಾಳಿಯನ್ನು ವಿಜ್ಞಾನಿಗಳು ಅಳೆದರು. ಒಳಗೆ ಯಾರೂ ಸೇದುತ್ತಿರಲಿಲ್ಲ. ಆದರೂ ಪ್ರೇಕ್ಷಕರು ಒಳಗೆ ಬಂದೊಡನೆ ನಿಕೋಟಿನ್ ಮತ್ತಿತರ ವಿಷವಸ್ತುಗಳ ಪ್ರಮಾಣ ಏರತೊಡಗಿತು. ಅವು ಬಂದದ್ದು ಪ್ರೇಕ್ಷಕರ ಬಟ್ಟೆ ಮತ್ತು ಮೈಯಿಂದ. ಒಂದು ಗಂಟೆಯಲ್ಲಿ ಹೊರಬಿದ್ದದ್ದು 1ರಿಂದ 10 ಸಿಗರೇಟುಗಳ ಪಕ್ಕದ ಹೊಗೆಗೆ ಸಮಾನವೆಂದು ಅವರು ಲೆಕ್ಕಹಾಕಿದರು.

ಹೊಗೆಯ ಜಿಡ್ಡು ಸುಮ್ಮನೆ ಕುಳಿತಿರುವುದೂ ಇಲ್ಲ. ಅದು ಕುಳಿತಲ್ಲಿಯೇ ಹೊಸ ವಿಷವಾಗುತ್ತದೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು ಇದನ್ನು ತೋರಿಸಿದರು. ಗೋಡೆಗೆ ಅಂಟಿದ ನಿಕೋಟಿನ್, ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ಕೂಡಿ ನೈಟ್ರೊಸಮೀನ್ ಎಂಬ ಗುಂಪಿನ ವಸ್ತುಗಳಾಗುತ್ತದೆ. ಈ ಗುಂಪಿನ ಎರಡು ವಸ್ತುಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವವೆಂದು ಮೊದಲ ದರ್ಜೆಯ ಪಟ್ಟಿಯಲ್ಲಿ ಸೇರಿಸಿದೆ. ಇನ್ನೊಂದು ವಸ್ತುವಂತೂ ಆಗತಾನೆ ಬಿಟ್ಟ ಹೊಗೆಯಲ್ಲಿ ಕಾಣುವುದೇ ಇಲ್ಲ. ಜಿಡ್ಡಿನಲ್ಲಿ ಮಾತ್ರ ಹುಟ್ಟುತ್ತದೆ. ಈ ನೈಟ್ರಸ್ ಆಮ್ಲ ಬರುವುದೆಲ್ಲಿಂದ? ಹೊಗೆಗೂಡಿಲ್ಲದೆ ಉರಿಯುವ ಗ್ಯಾಸ್ ಒಲೆಯಿಂದ, ವಾಹನಗಳ ಹೊಗೆಯಿಂದ. ಒಂದೇ ಕೋಣೆಯಲ್ಲಿ ಅಡಿಗೆ, ಊಟ, ನಿದ್ದೆ ನಡೆಯುವ, ಕಿಟಕಿಯಾಚೆಗೆ ರಿಕ್ಷಾ ಬಸ್ಸುಗಳು ಓಡಾಡುವ ಪುಣೆಯ ಸಾವಿರಾರು ಮನೆಗಳಲ್ಲಿ ಈ ಎರಡಕ್ಕೂ ಕೊರತೆಯಿಲ್ಲವೆಂಬುದನ್ನು ನಾನು ಹೇಳಬೇಕಾಗಿಲ್ಲ.

ಈ ಕೇಡು ದೊಡ್ಡವರಿಗಿಂತ ಮಗುವಿಗೆ ಹೆಚ್ಚೇಕೆ? ಕಾರಣಗಳು ಸರಳವಾಗಿವೆ. ದೇಹದ ತೂಕಕ್ಕೆ ಹೋಲಿಸಿದರೆ ಮಗು ನಮಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ. ಅದರ ಮೂಗು ನೆಲದಿಂದ ಒಂದು ಗೇಣು ಎತ್ತರದಲ್ಲಿರುತ್ತದೆ. ಧೂಳು ಏಳುವುದೂ ಅಲ್ಲಿಯೇ. ಅದು ಲೋಕವನ್ನು ತಿಳಿದುಕೊಳ್ಳುವುದು ಬಾಯಿಯಿಂದ. ಬೆರಳು, ಆಟಿಕೆ, ಹೊದಿಕೆಯ ಅಂಚು, ತಂದೆಯ ಅಂಗಿಯ ಗುಂಡಿ, ಎಲ್ಲವೂ ಬಾಯಿಗೆ ಹೋಗುತ್ತವೆ. ಅದರ ಚರ್ಮ ತೆಳುವು. ವಿಷವನ್ನು ಒಡೆದು ಹೊರಹಾಕುವ ಯಕೃತ್ತಿನ ಶಕ್ತಿ ಇನ್ನೂ ಬಲಿಯಬೇಕಾದದ್ದು. ಎಲ್ಲಕ್ಕಿಂತ ಮಿಗಿಲಾಗಿ, ದೊಡ್ಡವರು ಎದ್ದು ಹೊರಗೆ ಹೋಗಬಲ್ಲರು. ಮಗು ದಿನದ ಬಹುಪಾಲು ಸಮಯ ಅದೇ ಕೋಣೆಯಲ್ಲಿ, ಅದೇ ಹಾಸಿಗೆಯ ಮೇಲೆ ಇರುತ್ತದೆ. 2022ರಲ್ಲಿ ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ಸಂಶೋಧಕರು ಐದು ನೂರಕ್ಕೂ ಹೆಚ್ಚು ಮಕ್ಕಳ ಕೈಗಳನ್ನು ಒರೆಸಿ ಪರೀಕ್ಷಿಸಿದಾಗ, ನೂರಕ್ಕೆ 97ಕ್ಕೂ ಹೆಚ್ಚು ಕೈಗಳಲ್ಲಿ ನಿಕೋಟಿನ್ ಕಂಡುಬಂತು. ಸೇದುವವರಿಲ್ಲದ ಮನೆಯ ಮಕ್ಕಳೂ ಇದಕ್ಕೆ ಹೊರತಾಗಿರಲಿಲ್ಲ. ಬಡ ಕುಟುಂಬಗಳ ಮಕ್ಕಳ ಕೈಯಲ್ಲಿ ಅದು ಹೆಚ್ಚಾಗಿತ್ತೆಂಬುದನ್ನೂ ಮರೆಯಬಾರದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪಕ್ಕದ ಹೊಗೆಯಿಂದ ಮಕ್ಕಳಿಗೆ ಉಬ್ಬಸ, ಕಿವಿಯ ಸೋಂಕು, ಶ್ವಾಸಕೋಶದ ಸೋಂಕು ಹೆಚ್ಚುತ್ತವೆ, ತೊಟ್ಟಿಲಲ್ಲಿ ಹಠಾತ್ ಸಾವೂ ಸಂಭವಿಸುತ್ತದೆ ಎಂಬುದು ಸಿದ್ಧವಾದ ಸಂಗತಿ. ಜಿಡ್ಡಿನ ವಿಷಯದಲ್ಲಿ ಅಷ್ಟು ದೀರ್ಘಕಾಲದ ಅಧ್ಯಯನಗಳು ಇನ್ನೂ ಆಗಿಲ್ಲ. ಮಗುವಿನ ಮೈಯೊಳಗೆ ಅದು ಸೇರುತ್ತದೆಂಬುದು, ಪ್ರಯೋಗಾಲಯದಲ್ಲಿ ಮಾನವ ಜೀವಕೋಶಗಳ ಡಿ.ಎನ್.ಎ.ಯನ್ನು ಅದು ಕೆಡಿಸುತ್ತದೆಂಬುದು ಗೊತ್ತಾಗಿದೆ. ಹೆದರಿಸುವುದಕ್ಕಾಗಿ ನಾನು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಆದರೆ ಪಕ್ಕದ ಹೊಗೆಯ ವಿಷಯದಲ್ಲಿಯೂ ಪೂರ್ಣ ಪುರಾವೆ ಬರಲೆಂದು ಜಗತ್ತು ದಶಕಗಳ ಕಾಲ ಕಾದಿತು. ಆ ದಶಕಗಳ ಬೆಲೆ ತೆತ್ತವರು ಹೆಂಡಿರು ಮಕ್ಕಳು.

ಈಗ ನಮ್ಮ ಮನೆಗಳತ್ತ ಬರೋಣ. 2016-17ರಲ್ಲಿ ನಡೆದ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ನೂರಕ್ಕೆ ಸುಮಾರು 39 ಮಂದಿ ತಮ್ಮ ಮನೆಯೊಳಗೆ ಇತರರ ಹೊಗೆಗೆ ಒಡ್ಡಿಕೊಂಡವರು. ಅವರ ಮನೆಯ ಮಕ್ಕಳೂ ಅದೇ ಗಾಳಿಯಲ್ಲಿಯೇ ಇರುವವರು. ಮಹಾರಾಷ್ಟ್ರದಲ್ಲಿ ಸೇದುವವರ ಸಂಖ್ಯೆ ಕಡಮೆ, ನೂರಕ್ಕೆ 4ರಷ್ಟು. ಆದರೆ ಹೊಗೆಯಿಲ್ಲದ ತಂಬಾಕನ್ನು ಬಳಸುವವರು ನೂರಕ್ಕೆ 24. ಇದನ್ನು ಓದಿ, ಹೊಗೆಯಿಲ್ಲವೆಂದ ಮೇಲೆ ಜಿಡ್ಡೆಲ್ಲಿ ಬಂತು ಎಂದು ಕೆಲವರು ಕೇಳಬಹುದು. ಅಂಗೈಯಲ್ಲಿ ಸುಣ್ಣ ಬೆರೆಸಿ ತಂಬಾಕು ತಿಕ್ಕಿ, ಎರಡು ಸಲ ತಟ್ಟಿ, ಧೂಳು ಹಾರಿಸಿ ಬಾಯಿಗಿಡುವುದನ್ನು ನೋಡಿದ್ದೀರಿ. ಪಕ್ಕದವನು ಸೀನುವುದನ್ನೂ ನೋಡಿದ್ದೀರಿ. ಸುಣ್ಣ ಸೇರಿದ ನಿಕೋಟಿನ್ ಚರ್ಮದೊಳಗೆ ಇನ್ನೂ ಸುಲಭವಾಗಿ ಇಳಿಯುತ್ತದೆ. ಅದೇ ಅಂಗೈ ಆಮೇಲೆ ಮೊಮ್ಮಗನ ಕೆನ್ನೆ ಸವರುತ್ತದೆ.

ಮಿಶ್ರಿಯ ಮಾತು ಇದಕ್ಕಿಂತ ಗಂಭೀರವಾದುದು. ಪುಣೆ, ಸಾತಾರಾ, ಕೊಲ್ಹಾಪುರ, ನಮ್ಮ ಬೆಳಗಾವಿಯ ಗಡಿಯ ಹಳ್ಳಿಗಳಲ್ಲಿ ಹೆಂಗಸರು ಹಲ್ಲುಜ್ಜಲು ಬಳಸುವ ಕಪ್ಪು ಪುಡಿ ಇದು. ತಂಬಾಕನ್ನು ಹಂಚಿನ ಮೇಲೆ ಕರಿದಾಗುವಂತೆ ಹುರಿದು ಪುಡಿಮಾಡುತ್ತಾರೆ. ಹುರಿಯುವಾಗ ಏಳುವ ಘಾಟು ಅಡಿಗೆಮನೆಯನ್ನೆಲ್ಲ ತುಂಬುತ್ತದೆ. ಸೇದುವವರಿಲ್ಲದ ಮನೆಯಲ್ಲಿಯೂ ಹೀಗೆ ತಂಬಾಕಿನ ಹೊಗೆ ಗೋಡೆಗೆ ಹತ್ತುತ್ತದೆ. ಬಸುರಿಯರೂ ಇದನ್ನು ಬಳಸುತ್ತಾರೆ. ಮಿಶ್ರಿ ಬಳಸುವ ತಾಯಂದಿರ ಮತ್ತು ಅವರ ಕೂಸುಗಳ ಆರೋಗ್ಯದ ಮೇಲೆ ಕರಾಡದ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನ, ಹೆರಿಗೆಯ ಸಮಯದ ತೊಂದರೆಗಳೊಡನೆ ಇದರ ಸಂಬಂಧವನ್ನು ತೋರಿಸಿತು. ಮಗು ನೆಲಕ್ಕಿಳಿಯುವ ಮೊದಲೇ ಅದರ ಪಾಲಿನ ತಂಬಾಕು ಅದಕ್ಕೆ ಸಂದಾಯವಾಗಿರುತ್ತದೆ.

ಇನ್ನು ಬಾಡಿಗೆ ಮನೆ. ಪುಣೆಗೆ ಬರುವ ಕನ್ನಡಿಗರಲ್ಲಿ ಬಹುಮಂದಿ ಮೊದಲ ವರ್ಷಗಳನ್ನು ಕಳೆಯುವುದು ಬಾಡಿಗೆ ಮನೆಯಲ್ಲಿಯೇ. ಗಣಕಯಂತ್ರದ ಉದ್ಯೋಗಕ್ಕೆ ಬಂದವರಿಗೆ ಹಿಂಜವಡಿಯ ಫ್ಲ್ಯಾಟು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ತಗಡಿನ ಶೆಡ್ಡು. ಹಿಂದೆ ಅಲ್ಲಿ ಯಾರಿದ್ದರು, ಏನು ಸೇದುತ್ತಿದ್ದರು ಎಂದು ನಾವು ಕೇಳುವುದಿಲ್ಲ. ಮುನ್ನ ಹೇಳಿದ ಮ್ಯಾಟ್ ಮತ್ತು ಸಂಗಡಿಗರೇ 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಸೇದುವವರು ಬಿಟ್ಟುಹೋದ ಮನೆಗೆ ಸೇದದವರು ಬಂದರೆ ಏನಾಗುತ್ತದೆಂದು ನೋಡಿದರು. ಮನೆ ಸುಮಾರು ಎರಡು ತಿಂಗಳು ಖಾಲಿಯಿದ್ದು, ಸ್ವಚ್ಛಗೊಂಡ ಮೇಲೂ ಧೂಳಿನಲ್ಲಿ, ಗೋಡೆಯಲ್ಲಿ ನಿಕೋಟಿನ್ ಉಳಿದಿತ್ತು. ಹೊಸಬರ ಬೆರಳುಗಳಿಗೂ ಅದು ಹತ್ತಿತ್ತು. ಹಿಂದಿನ ಬಾಡಿಗೆದಾರರ ಚಟದ ಸುಂಕವನ್ನು ಇಂದಿನ ಬಾಡಿಗೆದಾರರ ಕೂಸು ಕಟ್ಟಬೇಕಾಗುತ್ತದೆ.

ಬಂಧುಗಳೆ, ಇಲ್ಲಿಯವರೆಗೆ ಸೇದುವ, ತಿನ್ನುವ ಮನೆಗಳ ಮಾತಾಯಿತು. ತಂಬಾಕಿನಿಂದಲೇ ಅನ್ನ ಹುಟ್ಟುವ ಮನೆಗಳ ಮಾತನ್ನು ಬಿಟ್ಟರೆ ಈ ಭಾಷಣ ಅಪೂರ್ಣವಾಗುತ್ತದೆ, ಅಪ್ರಾಮಾಣಿಕವೂ ಆಗುತ್ತದೆ. ನಾವು ಪುಣೆಯಿಂದ ಊರಿಗೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕ ಕಾಲಿಟ್ಟೊಡನೆ ಸಿಗುವ ದೊಡ್ಡ ಊರು ನಿಪ್ಪಾಣಿ. ಬೀಡಿ ತಂಬಾಕಿನ ಹೆಸರಾಂತ ಪೇಟೆ. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆ ಕೇಳುತ್ತ ಇದೇ ಹೆದ್ದಾರಿಯ ಮೇಲೆ ಕುಳಿತರು; ಪೋಲೀಸರ ಗುಂಡಿಗೆ ರೈತರು ಬಲಿಯಾದರು. ಅದೇ ಊರಿನ ತಂಬಾಕು ಕಾರಖಾನೆಗಳ ಹೆಂಗಸರು ಕೂಲಿಗಾಗಿ, ಮರ್ಯಾದೆಗಾಗಿ ಸಂಘಟಿತರಾದ ಕಥೆಯನ್ನು ಯುಗಾಂತರ ಎಂಬ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಪುಣೆಯ ವೈದ್ಯ-ಲೇಖಕ ಅನಿಲ ಅವಚಟರು ಈ ಹೆಂಗಸರ ಬದುಕನ್ನು ಮರಾಠಿ ಓದುಗರ ಮುಂದಿಟ್ಟರು. ಸೊಪ್ಪು ಕುಟ್ಟುವ, ಜರಡಿ ಹಿಡಿಯುವ ಆ ಶೆಡ್ಡುಗಳಲ್ಲಿ ಧೂಳು ಮಂಜಿನಂತೆ ತುಂಬಿರುತ್ತದೆ. ಆ ಹೆಂಗಸರು ಸಂಜೆ ಸೀರೆಯ ಮಡಿಕೆಗಳಲ್ಲಿ ಅದನ್ನು ಹೊತ್ತು ಮನೆಗೆ ಬಂದು, ಮೊದಲು ಮಾಡುವ ಕೆಲಸ ಕೂಸಿಗೆ ಹಾಲೂಡಿಸುವುದು.

ಬೀಡಿ ಕಟ್ಟುವ ಮನೆಗಳಲ್ಲಿ ಕಾರಖಾನೆಗೂ ಮನೆಗೂ ನಡುವೆ ಇರುವ ಆ ದಾರಿಯೂ ಇಲ್ಲ. ಮನೆಯೇ ಕಾರಖಾನೆ. ದೇಶದಲ್ಲಿ ಬೀಡಿ ಕಾರ್ಮಿಕರು ಸುಮಾರು 50 ಲಕ್ಷವೆಂದು ಸರಕಾರದ ಲೆಕ್ಕ. ಅವರಲ್ಲಿ ಬಹುಪಾಲು ಹೆಂಗಸರು, ಬಹುಪಾಲು ಮನೆಯಲ್ಲಿಯೇ ಕಟ್ಟುವವರು. ಸೋಲಾಪುರದಲ್ಲಿ ತೆಲುಗು, ಕನ್ನಡ, ಮರಾಠಿ ಮೂರೂ ಭಾಷೆಯ ಹೆಂಗಸರು ಈ ಕೆಲಸದಲ್ಲಿದ್ದಾರೆ. ಅಲ್ಲಿನ ಬೀಡಿ ಕಾರ್ಮಿಕ ಮಹಿಳೆಯರು ವರ್ಷಗಟ್ಟಲೆ ಹೋರಾಡಿ ನಗರದ ಹೊರಗೆ ಕುಂಭಾರಿಯಲ್ಲಿ ಗೋದಾವರಿ ಪರುಳೇಕರರ ಹೆಸರಿನ ಸಹಕಾರಿ ಸಂಘದ ಮೂಲಕ 10,000 ಮನೆಗಳನ್ನು ಪಡೆದರು. ದೊಡ್ಡ ಸಾಧನೆ. ಆದರೆ ಸ್ವಂತ ಮನೆ ಬಂದರೂ ಮಡಿಲಿನಿಂದ ಮೊರ ಇಳಿಯಲಿಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿಯೂ ಇದೇ ಚಿತ್ರ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಜಗಲಿಯಲ್ಲಿ ಕುಳಿತು, ಮೊರದಲ್ಲಿ ಸೊಪ್ಪು ಹರಡಿಕೊಂಡು, ಪಕ್ಕದಲ್ಲಿ ಕೂಸನ್ನು ಮಲಗಿಸಿಕೊಂಡು ಕಟ್ಟುವುದು. ಇಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಆದರೆ ಮೊರದಿಂದ ಏಳುವ ಧೂಳಿನಲ್ಲಿ ಅದೇ ನಿಕೋಟಿನ್ ಇದೆ. ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಲ್ಲಿ ಬೀಡಿ ಉದ್ಯಮದ ಕಾರ್ಮಿಕರನ್ನು ಪರೀಕ್ಷಿಸಿ, ಅವರ ಜೀವಕೋಶಗಳ ವರ್ಣತಂತುಗಳಲ್ಲಿ ವಿಕೃತಿಗಳು ಹೆಚ್ಚಿರುವುದನ್ನು ದಾಖಲಿಸಿದರು. ದೊಡ್ಡವರ ದೇಹಕ್ಕೇ ಹೀಗಾದರೆ ಪಕ್ಕದಲ್ಲಿ ಮಲಗಿರುವ ಕೂಸಿನ ಗತಿಯೇನೆಂದು ಯಾರಾದರೂ ಕೇಳಬೇಡವೆ?

ಇಲ್ಲಿ ನಾನು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ತಾಯಿಯನ್ನು ದೂರುವ ಹಕ್ಕು ನಮಗಿಲ್ಲ. ಈ ಊರಿನಲ್ಲಿ ಹೋಟೆಲು ನಡೆಸಿ, ಬ್ಯಾಂಕಿನಲ್ಲಿ ದುಡಿದು, ಮಕ್ಕಳನ್ನು ಇಂಜಿನಿಯರುಗಳನ್ನಾಗಿ ಮಾಡಿದ ಕರಾವಳಿಯ ಎಷ್ಟೋ ಮಂದಿಯ ಶಾಲೆಯ ಫೀಜು ಒಂದು ಕಾಲದಲ್ಲಿ ಬೀಡಿಯ ಮಜೂರಿಯಿಂದ ಬಂದದ್ದು. ಅಕ್ಕನ ಬೆರಳುಗಳು ಸವೆದು ತಮ್ಮನ ಕೈಗೆ ಪುಸ್ತಕ ಬಂದದ್ದು. ಆ ಋಣ ನೆನಪಿದ್ದವರು ಕೇಳಬೇಕಾದ ಪ್ರಶ್ನೆ ಬೇರೆ: ಕಾರಖಾನೆಯ ಧೂಳನ್ನು ಮನೆಯ ತೊಟ್ಟಿಲಿನ ಬಳಿಗೆ ತಂದವರು ಯಾರು?

ಉತ್ತರ ಇತಿಹಾಸದಲ್ಲಿದೆ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು. ಕೆಲಸದ ಜಾಗದಲ್ಲಿ ಗಾಳಿ ಬೆಳಕು ಇರಬೇಕು, ಹೆಂಗಸರು ಹೆಚ್ಚಿದ್ದಲ್ಲಿ ಕೂಸುಗಳಿಗೆ ಪ್ರತ್ಯೇಕ ಕೋಣೆ ಇರಬೇಕು ಎಂದು ಅದು ವಿಧಿಸಿತು. ಕಾರಖಾನೆಯಲ್ಲಿ ಇದನ್ನೆಲ್ಲ ಒದಗಿಸುವುದಕ್ಕಿಂತ ಗುತ್ತಿಗೆದಾರರ ಮೂಲಕ ಮನೆಮನೆಗೆ ಕೆಲಸ ಹಂಚುವುದು ಮಾಲೀಕರಿಗೆ ಅಗ್ಗವಾಯಿತು. 1986ರ ಬಾಲಕಾರ್ಮಿಕ ಕಾಯಿದೆ ಬೀಡಿ ಕಟ್ಟುವುದನ್ನು ಮಕ್ಕಳಿಗೆ ನಿಷೇಧಿಸಿತು. ಆದರೆ ಮನೆಯವರೊಡನೆ ಮನೆಯಲ್ಲಿ ಮಾಡುವ ಕೆಲಸಕ್ಕೆ ಅಂದಿನ ಆ ಕಾಯಿದೆಯಲ್ಲಿ ವಿನಾಯಿತಿಯಿತ್ತು. 2003ರ ತಂಬಾಕು ಕಾಯಿದೆ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ನಿಷೇಧಿಸಿತು; 2008ರ ಗಾಂಧಿ ಜಯಂತಿಯಿಂದ ಹೊಸ ನಿಯಮಗಳು ಜಾರಿಗೆ ಬಂದವು. ಮನೆ ಸಾರ್ವಜನಿಕ ಸ್ಥಳವಲ್ಲ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಗುವಿನ ಕೈಗೆ ತಂಬಾಕು ಕೊಟ್ಟವನಿಗೆ 7 ವರ್ಷದವರೆಗೆ ಸೆರೆಮನೆ ವಿಧಿಸಬಹುದು. ಗೋಡೆ, ಹಾಸಿಗೆ, ಅಂಗಿಯ ತೋಳು ಕೊಟ್ಟ ತಂಬಾಕಿಗೆ ಆರೋಪಿಯೇ ಇಲ್ಲ. ಹೀಗೆ ನಮ್ಮ ಕಾಯಿದೆಗಳೆಲ್ಲ ಹೊಸ್ತಿಲಿನ ತನಕ ಬಂದು ನಿಲ್ಲುತ್ತವೆ. ಹೊಸ್ತಿಲಿನ ಒಳಗೆ ಮಗುವಿದೆ.

ಮನೆಯೊಳಗೆ ಪೋಲೀಸರು ಬರಬೇಕೆಂದು ನಾನು ಹೇಳುತ್ತಿಲ್ಲ. ಯಾರೂ ಬಯಸಬೇಕಾದ ಸಂಗತಿಯಲ್ಲ ಅದು. ಹೊಸ್ತಿಲಿನ ಒಳಗಿನ ಕಾಯಿದೆಯನ್ನು ನಾವೇ ಮಾಡಿಕೊಳ್ಳಬೇಕು. ಇದರಲ್ಲಿ ನಿಜವಾದ ಅಡ್ಡಿ ಅಜ್ಞಾನಕ್ಕಿಂತ ಸಂಕೋಚ. ಬೀಡಿ ಸೇದಿ ಬಂದ ಮಾವನವರು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಾಗ, ‘ಮಾವ, ಕೈ ತೊಳೆದು ಅಂಗಿ ಬದಲಾಯಿಸಿ ಬನ್ನಿ’ ಎನ್ನುವ ಧೈರ್ಯ ಯಾವ ಸೊಸೆಗಿದೆ? ಅವಳು ಹೇಳಬೇಕಾಗಿ ಬಾರದಂತೆ ಮಗನೇ ಹೇಳಬೇಕು. ಮಗನೇ ಸೇದುವವನಾದರೆ ಮಾವನವರು ಹೇಳಬೇಕು. ಹಿಂದೆ ಬಾಣಂತಿಯ ಕೋಣೆಗೆ ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಹೋಗುತ್ತಿರಲಿಲ್ಲ. ಆ ರೂಢಿಗೆ ಅರ್ಥವಿತ್ತು. ಮಡಿಯ ಹೆಸರಿನಲ್ಲಿ ನಾವು ಮನುಷ್ಯರನ್ನು ದೂರವಿಟ್ಟ ಪಾಪ ದೊಡ್ಡದು. ದೂರವಿಡಬೇಕಾಗಿದ್ದ ವಸ್ತುವನ್ನು ಮಾತ್ರ ನಡುಮನೆಗೆ ಕರೆದು ಕೂರಿಸಿದೆವು. ಈಗಲಾದರೂ ಮಡಿ ಎಂಬ ಮಾತಿಗೆ ಯೋಗ್ಯವಾದ ಅರ್ಥ ಕೊಡೋಣ.

ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಮನೆಯಲ್ಲಿ, ಬಾಲ್ಕನಿಯಲ್ಲಿ, ಕಾರಿನಲ್ಲಿ ಸೇದುವುದು ಬೇಡ. ಸೇದಿ ಬಂದವರು ಕೈ, ಬಾಯಿ, ಮುಖ ತೊಳೆದು ಅಂಗಿ ಬದಲಾಯಿಸಿದ ಮೇಲೆ ಮಗುವನ್ನು ಮುಟ್ಟಲಿ. ತಂಬಾಕು ತಿಕ್ಕಿದವರೂ ಹಾಗೆಯೇ. ಬರಿಯ ಪೊರಕೆ ಧೂಳನ್ನು ಮೇಲಕ್ಕೆಬ್ಬಿಸುತ್ತದೆ. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಪರದೆ, ಹೊದಿಕೆ, ದಿಂಬಿನ ಚೀಲಗಳನ್ನು ಆಗಾಗ ಒಗೆಯಬೇಕು. ಊದುಬತ್ತಿ ವಾಸನೆಯನ್ನು ಮುಚ್ಚುತ್ತದೆ, ಜಿಡ್ಡನ್ನು ತೆಗೆಯುವುದಿಲ್ಲ. ಬಾಡಿಗೆಗೆ ಮನೆ ನೋಡುವಾಗ ನೀರು, ಬೆಳಕಿನ ಜೊತೆಗೆ ಹಿಂದಿನವರು ಸೇದುತ್ತಿದ್ದರೆ ಎಂಬುದನ್ನೂ ಕೇಳಿ. ಅವರು ಬಿಟ್ಟುಹೋದ ಹಾಸಿಗೆ, ಸೋಫಾ, ಜಮಖಾನೆಗಳನ್ನು ಉಚಿತವಾಗಿ ಸಿಕ್ಕಿತೆಂದು ಇಟ್ಟುಕೊಳ್ಳಬೇಡಿ. ಮಿಶ್ರಿ ಹುರಿಯುವುದನ್ನು ನಿಲ್ಲಿಸಿ. ಬೀಡಿ ಕಟ್ಟಲೇಬೇಕಾದ ಮನೆಯಲ್ಲಿ ಸೊಪ್ಪಿನ ಚೀಲ ಅಡಿಗೆಯ ಜಾಗದಲ್ಲಿ, ಕೂಸು ಮಲಗುವ ಜಾಗದಲ್ಲಿ ಇರದಿರಲಿ. ಕಟ್ಟುವಾಗ ಉಡುವ ಸೀರೆ ಬೇರೆಯಿರಲಿ. ಇವೆಲ್ಲ ಅಪಾಯವನ್ನು ಕಡಮೆ ಮಾಡುತ್ತವೆ. ಇಲ್ಲವಾಗಿಸುವುದು ತಂಬಾಕನ್ನು ಬಿಡುವುದೊಂದೇ. ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ದೂರವಾಣಿ ಸೇವೆಯಿದೆ. ನಮ್ಮ ಊರಿನಲ್ಲಿಯೇ ಅವಚಟ ದಂಪತಿಗಳು 1986ರಲ್ಲಿ ಆರಂಭಿಸಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ.

ಬೀಡಿಯ ಮನೆಗಳಿಗೆ ಮಾತ್ರ ಇಂಥ ಸಲಹೆಗಳು ಸಾಲವು. ಅಲ್ಲಿ ಬೇಕಾಗಿರುವುದು ಮನೆಯಿಂದ ಬೇರೆಯಾದ ಕೆಲಸದ ಜಾಗ, ಮತ್ತು ಬೀಡಿಯಿಂದ ಬೇರೆಯಾದ ಕೆಲಸ. ಎರಡಕ್ಕೂ ಮಾದರಿ ನಮ್ಮ ಕರಾವಳಿಯ ಪಕ್ಕದಲ್ಲಿಯೇ ಇದೆ. 1966ರ ಕಾಯಿದೆಯನ್ನು ಕೇರಳ ಜಾರಿಗೆ ತಂದಾಗ ಮಂಗಳೂರಿನ ದೊಡ್ಡ ಬೀಡಿ ಕಂಪನಿಯೊಂದು 1968ರಲ್ಲಿ ಕಣ್ಣೂರಿನ ತನ್ನ ಕೆಲಸವನ್ನು ನಿಲ್ಲಿಸಿತು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಅವರೇ ಮರುವರ್ಷ ದಿನೇಶ್ ಬೀಡಿ ಸಹಕಾರಿ ಸಂಘವನ್ನು ಕಟ್ಟಿದರು. ಕೆಲಸ ಮನೆಯ ಜಗಲಿಯಿಂದ ಹೊರಬಂದು ಒಟ್ಟಿಗೆ ಕೂರುವ ಶೆಡ್ಡಿಗೆ ಹೋಯಿತು. ಕೈ ಬೀಡಿ ಕಟ್ಟುತ್ತಿದ್ದರೆ ಕಿವಿ ಒಬ್ಬರು ಓದುವ ಪತ್ರಿಕೆಯನ್ನು ಕೇಳುತ್ತಿತ್ತು. ಬೀಡಿಯ ಬೇಡಿಕೆ ಇಳಿದಾಗ 1990ರ ದಶಕದ ಕೊನೆಯಿಂದ ಅದೇ ಸಂಘ ಮಸಾಲೆ ಪುಡಿ, ತೆಂಗಿನ ಹಾಲು, ಕೊಡೆಗಳ ತಯಾರಿಕೆಗೆ ಇಳಿಯಿತು. ನಿಪ್ಪಾಣಿಯಲ್ಲಿ, ಸೋಲಾಪುರದಲ್ಲಿ, ಬಂಟ್ವಾಳ ಪುತ್ತೂರುಗಳಲ್ಲಿ ಇಂಥ ಪ್ರಯತ್ನಕ್ಕೆ ಬಂಡವಾಳವೂ ಮಾರುಕಟ್ಟೆಯೂ ಬೇಕು. ಹೋಟೆಲು ಉದ್ಯಮದಲ್ಲಿ ಹೆಸರು ಮಾಡಿರುವ ಪುಣೆಯ ಕನ್ನಡಿಗರಿಗೆ ಮಸಾಲೆ ಪುಡಿ ಎಲ್ಲಿಂದಲಾದರೂ ಕೊಳ್ಳಬೇಕಾದ ವಸ್ತುವೇ. ಬೀಡಿ ಬಿಟ್ಟ ಹೆಂಗಸರ ಗುಂಪಿನಿಂದ ಕೊಂಡರೆ ಹಳೆಯ ಋಣದ ಒಂದು ಕಂತು ತೀರೀತು. ಸಂಘ ಈ ವಿಷಯವನ್ನು ಮುಂದಿನ ಕಾರ್ಯಕಾರಿ ಸಭೆಯಲ್ಲಿ ಚರ್ಚಿಸಬೇಕೆಂದು ನನ್ನ ವಿನಂತಿ.

ನಮ್ಮ ಮಕ್ಕಳಿಗೆ ಏನನ್ನು ಬಿಟ್ಟುಹೋಗುತ್ತೇವೆಂದು ಹೊರನಾಡಿನಲ್ಲಿ ನಾವು ಸದಾ ಚಿಂತಿಸುತ್ತೇವೆ. ಭಾಷೆಯನ್ನು ಬಿಟ್ಟುಹೋಗಬೇಕು, ಹಾಡನ್ನು, ಊರಿನ ನೆನಪನ್ನು ಬಿಟ್ಟುಹೋಗಬೇಕು ಎನ್ನುತ್ತೇವೆ. ಇವೆಲ್ಲ ಪ್ರಯತ್ನಪಟ್ಟರೂ ಉಳಿಯುವುದು ಕಷ್ಟ. ತಂಬಾಕಿನ ಜಿಡ್ಡು ಯಾವ ಪ್ರಯತ್ನವೂ ಇಲ್ಲದೆ ಉಳಿಯುತ್ತದೆ. ಈ ರಾತ್ರಿ ಮನೆಗೆ ಹೋದ ಮೇಲೆ, ಮಗು ಮಲಗುವ ಜಾಗದ ಪಕ್ಕದ ಗೋಡೆಯನ್ನು ಒಂದು ಒದ್ದೆಯ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಸೇದುವವರಿರುವ ಮನೆಯಾದರೆ ಬಟ್ಟೆಗೆ ಹತ್ತುವ ಹಳದಿ ಬಣ್ಣವೇ ನನ್ನ ಮಾತಿನ ಉಳಿದ ಭಾಗವನ್ನು ಹೇಳುತ್ತದೆ.